ಬ್ಯಾನಿಯಲ್ಲ, ಬಿನೈನ್

ಮಾಸೂರು
೧೨ ಜೂನ್ ೧೯೮೮

ಚಿ. ಸೌ. ನಾಗವ್ವನಿಗೆ ನಿಮ್ಮಪ್ಪನ ಆಶೀರ್ವಾದಗಳು.

ತಂಗೀ, ಹೇಗಿದ್ದೀಯವ್ವಾ? ಕಾಲಿನ ಬಾವು ಇಳಿಯಿತೇ? ಅಳಿಯಂದಿರು ಚನ್ನಬಸಪ್ಪನವರು ಆರಾಮವೇ? ನಿಮ್ಮತ್ತೆ ದಾನವ್ವನವರ ಮೊಣಕಾಲು ನೋವು ಹೇಗಿದೆ? ಇಲ್ಲಿ ನಮ್ಮ ಎಮ್ಮೆಯೊಂದನ್ನು ಬಿಟ್ಟು ಎಲ್ಲರೂ ಚೆನ್ನಾಗಿದ್ದೇವೆ. ನೀನು ಹೋದಾಗಿನಿಂದ ಅದು ಯಾರ ಕೈಗೂ ಸರಿಯಾಗಿ ಹಾಲು ಬಿಡುವುದಿಲ್ಲ.

ನಿನ್ನೆ ಹುಬ್ಬಳ್ಳಿಯ ಆಸ್ಪತ್ರೆಯಿಂದ ಬಂದೆವು. ಎದೆಯ ಫೋಟೋದಲ್ಲಿ ಪಕ್ಕೆಯ ಹತ್ತಿರ ನಿಂಬೆಹಣ್ಣಿನಷ್ಟು ಕಲೆ ಕಂಡು, ಕ್ಯಾನ್ಸರ್ ಇರಬಹುದು, ಎದೆ ಕೊಯ್ದೇ ನೋಡಬೇಕು ಎಂದಿದ್ದರಲ್ಲ, ಅದಕ್ಕೇ ನಿನ್ನನ್ನು ಚೊಚ್ಚಲ ಹೆರಿಗೆಗೆ ಕರೆಯಲು ಬರುವುದನ್ನು ತಡೆದಿದ್ದೆ. ತವರಿಗೆ ಬಂದ ಬಸುರಿಯ ಕಣ್ಣೆದುರು ನಾನು ಹಾಸಿಗೆ ಹಿಡಿಯುವುದು ಬೇಡವೆಂದು. ಆದರೆ ಅಲ್ಲಿ ಪ್ರಾಣೇಶ ಎಂಬ ಹರೆಯದ ಡಾಕ್ಟರರು, "ಕೊಯ್ಯೋದು ಬ್ಯಾಡ್ರಿ ಕಾಕಾ, ಮೊದಲ ಸೂಜಿ ಹಾಕಿ ನೋಡೋಣು" ಎಂದರು. ಪಕ್ಕೆಗೆ ತಣ್ಣನೆಯ ಅಂಟು ಸವರಿ, ಇಸ್ತ್ರಿ ತಿಕ್ಕಿದ ಹಾಗೆ ಒಂದು ಯಂತ್ರ ಆಡಿಸಿದರು. ಪಕ್ಕದ ಸಣ್ಣ ಟಿ.ವಿ.ಯಲ್ಲಿ ಬರೀ ಮೋಡ. ಅದನ್ನೇ ನೋಡುತ್ತ, ಮರಗಟ್ಟಿಸಿದ ಜಾಗದಲ್ಲಿ ಸೂಜಿ ಇಳಿಸಿದರು. ಆ ಮೋಡದಲ್ಲಿ ಮಳೆ ಐತೇನ್ರಿ ಎಂದು ನಾನು ಕೇಳಿದರೆ, "ಕಾಕಾ, ಬಾಯಿ ಮುಚ್ಚರಿ, ಸೂಜಿ ಅಳ್ಳಾಡ್ತದ" ಎಂದು ಗದರಿದರು! ಬಂದದ್ದು ಶ್ಯಾವಿಗೆ ಎಳೆಯಷ್ಟು ಮಾಂಸ, ಅಷ್ಟೇ.

ವಾರದ ಮೇಲೆ ಅವರು ನಗುತ್ತ ಬಂದು "ಬಿನೈನ್ ಅದರಿ, ಬಿನೈನ್" ಎಂದರು. ನಿಮ್ಮವ್ವನ ಕಿವಿಗೆ ಬಿದ್ದದ್ದು ಬ್ಯಾನಿ, ಅದೇ ಆ ದೊಡ್ಡ ಬೇನೆ. "ಬ್ಯಾನಿ ಐತಿ ಅಂತ ಹಲ್ಲು ಕಿಸದು ಹೇಳ್ತೀಯಲ್ಲೋ, ನಿನಗ ಅಪ್ಪ-ಅವ್ವ ಇಲ್ಲೇನೋ?" ಎಂದು ಹೋ ಎಂದು ಅತ್ತುಬಿಟ್ಟಳು. ನಾನೂ ಗೋಡೆ ಹಿಡಿದು ಕುಳಿತೆ. "ಅಯ್ಯ, ಬ್ಯಾನಿ ಅಲ್ಲವ್ವಾ! ಬಿನೈನ್ ಅಂದ್ರ ಕ್ಯಾನ್ಸರ್ ಅಲ್ಲ ಅಂತ. ಕ್ಷಯದ ಗಂಟು ಅದ, ಗುಳಿಗಿ ನುಂಗಿದ್ರ ಕರಗತದ" ಎಂದು ಡಾಕ್ಟರರು ಬೆವರಿಬಿಟ್ಟರು. ನಿಮ್ಮವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಬರೇ ಕ್ಷಯೇನು? ಮೊದ್ಲ ಹೇಳಬಾರದಾ!" ಎಂದವಳೇ ಪೇಡೆ ತರಿಸಿ ವಾರ್ಡಿಗೆಲ್ಲ ಹಂಚಿದಳು. ಕ್ಷಯ ಬಂದ ಖುಷಿಗೆ ಬಾಯಿ ಸಿಹಿ ಮಾಡಿದವಳು ಇವಳೊಬ್ಬಳೇ ಇರಬೇಕು.

ಹೊಟ್ಟೆ ತುಂಬ ಉಣ್ಣು, ಭಾರ ಎತ್ತಬೇಡ. ಹಿರಿಯರಿಗೆ ನಮ್ಮ ಶರಣು ಹೇಳು.

ನಿಮ್ಮಪ್ಪ
ದ್ಯಾಮಪ್ಪ

ತಾ.ಕ.: ಕ್ಷಯವೆಂದರೆ ನಿಮ್ಮತ್ತೆ ನಿನ್ನನ್ನು ಕಳಿಸಲು ಅಂಜಿಯಾರು. ನನ್ನ ಕಫದಲ್ಲಿ ಹುಳವಿಲ್ಲ, ಯಾರಿಗೂ ತಗಲುವುದಿಲ್ಲ, ಮಗಳನ್ನು ಧೈರ್ಯವಾಗಿ ಕರೆತನ್ನಿ ಎಂದು ಡಾಕ್ಟರರೇ ಹೇಳಿದ್ದಾರೆ. ಇಷ್ಟನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳು. ನಿಮ್ಮವ್ವ ಆಗಲೇ ಬಾಣಂತಿ ಕೋಣೆಗೆ ಸುಣ್ಣ ಹೊಡೆಯುತ್ತಿದ್ದಾಳೆ. ಕರೆಯಲು ಯಾವತ್ತು ಬರಲಿ? ಕೂಡಲೇ ಒಂದು ಕಾರ್ಡು ಹಾಕವ್ವ.