ಹನ್ನೊಂದು ಮನೆಯ ಬೀಗದ ಕೈ

ಬೀದಿಯ ಮೊದಲನೇ ಮನೆ,
ಹದಿನಾಲ್ಕನೇ ತಾರೀಕು, ಮಂಗಳವಾರ

ಹಡಗಿನಲ್ಲಿರುವ ನನ್ನವರಿಗೆ,

ಹೇಗಿದ್ದೀರಿ? ಎಂಜಿನ್ ಕೋಣೆಯ ಸೆಕೆಗೆ ಎದ್ದಿದ್ದ ಬೊಕ್ಕೆ ಆರಿತೇ? ಅಡುಗೆಯವನು ಇನ್ನೂ ಉಪ್ಪಿಲ್ಲದೆ ಬೇಯಿಸುತ್ತಾನೋ, ಇಲ್ಲ ನಿಮ್ಮ ಬಾಯಿಗೆ ಹೆದರಿ ದಾರಿಗೆ ಬಂದನೋ? ನಾನು ಚೆನ್ನಾಗಿದ್ದೇನೆ ಅಂತ ಎರಡು ಸಲ ಬರೆದು ಹೊಡೆದುಹಾಕಿದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಹೋದ ವಾರದಿಂದ ಎದೆ ಡವಡವ ಅನ್ನುತ್ತಲೇ ಇದೆ.

ಏಳನೇ ಮನೆಯ ವೆಲ್ಡರಣ್ಣನ ಸಂಸಾರ ಹೋಗಿ ಹೊಸ ಗಂಡ ಹೆಂಡತಿ ಬಂದರೆಂದು ಬರೆದಿದ್ದೆನಲ್ಲ. ಗುರುವಾರ ಆ ಮನೆ ಬಾಗಿಲ ಕೆಳಗಿಂದ ನೀರು ಬೀದಿಗೆ ಹರಿಯುತ್ತಿತ್ತು. ತಟ್ಟಿದೆ, ಕೂಗಿದೆ, ಉತ್ತರವಿಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ ಎಲ್ಲಿ ಬಿಡುತ್ತದೆ? ನಮ್ಮ ಗೋಡೆಯ ಮೊಳೆಯಿಂದ ಏಳನೇ ಮನೆಯ ಬೀಗದ ಕೈ ತೆಗೆದುಕೊಂಡು ಓಡಿದೆ. ಮಾಲೀಕ ಬಾಗಿಲಿಗೆ ಬಣ್ಣ ಹೊಡೆಸಿದ್ದ, ಬೀಗ ಮಾತ್ರ ಹಳೆಯದೇ. ಬಚ್ಚಲ ನಲ್ಲಿ ನಿಲ್ಲಿಸಿದೆ. ಅಷ್ಟಕ್ಕೇ ಬಂದೆನಾ? ನೆಲ ಒರೆಸಲು ಕೂತೆ! ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಳಕೋಣೆಯಿಂದ ಬಂದ ಹುಡುಗಿ ನನ್ನನ್ನು ಕಂಡು ಕಿಟಾರನೆ ಕಿರುಚಿದಳು. ಅವಳಿಗೆ ಹೆದರಿ ನಾನೂ ಕಿರುಚಿದೆ.

ಅವಳ ಫೋನಿಗೆ ಪೊಲೀಸಿನವನು ಬಂದ. ನಮ್ಮ ಗೋಡೆಯ ಮೊಳೆಗಳನ್ನು ನೋಡಿ, "ಹನ್ನೊಂದು ಮನೆ ಬೀಗದ ಕೈ ನಿಮ್ಮ ಹತ್ರ ಯಾಕಿದೆಯಮ್ಮಾ?" ಅಂದ. ಈ ಬೀದಿಯಲ್ಲಿ ಎಲ್ಲರೂ ಎಲ್ಲಿಂದಲೋ ಬಂದವರು, ಗಿರಣಿಯಲ್ಲಿ ಮೂರು ಪಾಳಿ, ಗಂಡ ಬರುವ ಹೊತ್ತಿಗೆ ಹೆಂಡತಿ ಹೊರಡುವಳು, ಮನೆಯಲ್ಲೇ ಕೂತು ಹೊಲಿಯುವವಳು ನಾನೊಬ್ಬಳು, ಹಾಗಾಗಿ ಎಲ್ಲರ ಬೀಗದ ಕೈ ನಮ್ಮ ಗೋಡೆಗೆ ಬಂತು ಅಂದೆ. ಯಾರದೋ ಹಾಲು ಉಕ್ಕಿದರೆ, ಯಾರದೋ ಮಗು ಎದ್ದು ಅತ್ತರೆ ನಾನೇ ಓಡುತ್ತಿದ್ದೆ ಅಂದೆ. ಈಗ ಗಿರಣಿಯ ಗೋದಾಮು ಕಾಫಿ ಅಂಗಡಿಯಾಗಿದೆ, ಬಾಡಿಗೆ ಏರಿ ಒಬ್ಬೊಬ್ಬರೇ ಗಂಟುಮೂಟೆ ಕಟ್ಟಿದರು. ಯಾರೂ ವಾಪಸ್ ಕೇಳಲಿಲ್ಲ, ಬಂದರೂ ಬಂದಾರು ಅಂತ ನಾನೂ ಇಟ್ಟುಕೊಂಡೆ. ಅವನು ಎಲ್ಲವನ್ನೂ ಬರೆದುಕೊಂಡು, ಹನ್ನೊಂದನ್ನೂ ಒಂದು ಚೀಲಕ್ಕೆ ಸುರಿದುಕೊಂಡು ಹೋದ.

ಹುಡುಗಿ ಪಾಪ, ದೂರು ಕೊಡಲಿಲ್ಲ. ಆದರೆ ನನ್ನನ್ನು ಕಂಡರೆ ಬಾಗಿಲನ್ನು ಇನ್ನೊಮ್ಮೆ ಎಳೆದು ನೋಡುತ್ತಾಳೆ. ಅವಳ ತಪ್ಪೇನಿದೆ, ಅವಳ ಜಾಗದಲ್ಲಿದ್ದರೆ ನಾನು ಪೊರಕೆಯಲ್ಲೇ ಬಾರಿಸುತ್ತಿದ್ದೆ. ಆದರೂ ಆ ಮನೆಯ ಹಳಬರು ನೆನಪಾಗುತ್ತಾರೆ ಕಣ್ರೀ. ಹೋದ ವರ್ಷ ನಾನು ತಲೆಸುತ್ತಿ ಹೊಲಿಗೆ ಮಿಷನ್ ಪಕ್ಕ ಬಿದ್ದಾಗ ಬಾಗಿಲು ತೆರೆದವಳು ವೆಲ್ಡರಣ್ಣನ ಹೆಂಡತಿ. ನಮ್ಮ ಬೀಗದ ಕೈ ಅವಳ ಹತ್ತಿರ, ಅವಳದು ನಮ್ಮಲ್ಲಿ. ಹೊರಡುವ ದಿನ ಅಳುತ್ತಾ ನಮ್ಮದನ್ನು ಕೊಟ್ಟು, ತನ್ನದನ್ನು ಕೇಳುವುದು ಮರೆತಳು.

ಹೊತ್ತು ಹೊತ್ತಿಗೆ ಊಟ ಮಾಡಿ. ಮೇಲಿನವರ ಜೊತೆ ಜಗಳ ಬೇಡ. ದೇವರು ನಿಮ್ಮನ್ನು ಕಾಯಲಿ.

ಬೀದಿಗೆ ಮಿಷನಕ್ಕ,
ನಿಮಗೆ ಬಾಯಿಬಡುಕಿ

ಮರೆತಿದ್ದೆ: ಭಾನುವಾರ ಮತ್ತೆ ತಲೆಸುತ್ತಿತು. ಗೋಡೆ ಹಿಡಿದು ಕೂತೆ, ಬೀಳಲಿಲ್ಲ, ಗಾಬರಿಯಾಗಬೇಡಿ. ಆಮೇಲೆ ವೆಲ್ಡರಣ್ಣನ ಹೆಂಡತಿ ಕೊಟ್ಟುಹೋದ ನಮ್ಮ ಇನ್ನೊಂದು ಬೀಗದ ಕೈ ಹಿಡಿದು ಬೀದಿಯ ಕೊನೆಯವರೆಗೂ ಹೋದೆ. ಏಳನೇ ಮನೆ ಮುಂದೆ ನಿಂತೂ ನಿಂತೆ, ತಟ್ಟಲು ಧೈರ್ಯ ಬರಲಿಲ್ಲ. ಅದನ್ನು ಈ ಲಕೋಟೆಯಲ್ಲಿಟ್ಟಿದ್ದೇನೆ. ನಿಮ್ಮ ಹತ್ತಿರ ಒಂದಿದೆ, ಗೊತ್ತು. ಕೊಡಲು ಬೇರೆ ಯಾರೂ ಸಿಗಲಿಲ್ಲ.