ಪಕ್ಕದ ಸೀಟಿನ ಸ್ವಿಚ್ಚು

ಭಾನುವಾರ, ೧೨ನೇ ತಾರೀಖು
ಮಧ್ಯಾಹ್ನ, ಅಡುಗೆಮನೆಯ ಮೇಜಿನಿಂದ

ನನ್ನ ಮುದ್ದು ಅಪ್ಪಾ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಮೂರು ವಾರದಿಂದ ಮಗಳ ಒಂದು ಕಾಗದವೂ ಇಲ್ಲವೆಂದು ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ತಪ್ಪಾಯಿತು, ಕೆನ್ನೆ ಬಡಿದುಕೊಂಡೆ. ಫೋನಿನಲ್ಲೇ ಹೇಳೋಣವೆಂದರೆ ನೀನು ‘ಹೂಂ’, ‘ಸರಿ, ಇಡ್ಲಾ’ ಎಂಬ ಎರಡು ಮಾತಿನ ಆಸಾಮಿ. ಅದಕ್ಕೇ ಬರೆಯುತ್ತಿದ್ದೇನೆ. ಇಂಗ್ಲಿಷ್ ಶಾಲೆಗೆ ಸೇರಿಸಿದವನು ನೀನೇ, ಆದ್ದರಿಂದ ನನ್ನ ಕನ್ನಡಕ್ಕೆ ಕೆಂಪು ಪೆನ್ನು ಹಿಡಿಯಬೇಡ.

ನಾನು ಸುಖವಾಗಿದ್ದೇನೆ ಅಪ್ಪಾ, ನೋಡಿದವರು ಹೊಟ್ಟೆಕಿಚ್ಚು ಪಡುವಷ್ಟು! ನಿನ್ನ ಅಳಿಯ ಹಲ್ಲುಜ್ಜುತ್ತಲೇ ಹಾಡುತ್ತಾನೆ. ನೊರೆಯೆಲ್ಲ ಕನ್ನಡಿಗೆ ಸಿಡಿಯುತ್ತದೆ. ನನಗೆ ಅದೂ ಚೆಂದ. ಹುಚ್ಚು ಅಂತೀಯ? ಅನ್ನು.

ಆದರೆ ನಿನಗೊಂದು ಸುಳ್ಳು ಹೇಳಿದ್ದೆ. ನೀನು “ಕಾರು ಹೇಗಿದೆ?” ಎಂದು ಕೇಳಿದಾಗಲೆಲ್ಲ “ಸೂಪರ್ ಅಪ್ಪಾ” ಅಂದೆನಲ್ಲ, ಸೂಪರ್ ಏನೂ ಇರಲಿಲ್ಲ. ಮದುವೆಗೆ ನೀನು ಕೊಟ್ಟ ನಮ್ಮ ನೀಲಿ ಮುದುಕ ಎರಡನೇ ವಾರದಿಂದಲೇ ಕುದಿಯತೊಡಗಿದ. ಸೇತುವೆಯ ಹತ್ತಿರ ಟ್ರಾಫಿಕ್ಕಿನಲ್ಲಿ ಸೂಜಿ ಕೆಂಪು ಗೆರೆ ಮುಟ್ಟಿತು, ಬಾನೆಟ್ಟಿನಿಂದ ಬುಸ್ಸೆಂದು ಹಬೆ. ನಿನ್ನ ಅಳಿಯ ಇಳಿದು ತಳ್ಳಿದ. ತಳ್ಳುವಾಗ ಎಷ್ಟು ಚೆಂದ ಕಾಣುತ್ತಾನೆ ಗೊತ್ತಾ! ನಾಲ್ಕನೇ ಸಲಕ್ಕೆ ಮಾತ್ರ ಆ ಚೆಂದವೂ ಬಾಡಿತು.

“ಬಂಗಾರಿ, ಸಾಕಾಯ್ತು. ಶನಿವಾರದೊಳಗೆ ಸರಿಹೋಗ್ಲಿಲ್ಲ ಅಂದ್ರೆ ಗುಜರಿಯವನಿಗೆ ಭಾನುವಾರ ಬರೋಕೆ ಹೇಳ್ತೀನಿ,” ಅಂದ.

ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಅಮ್ಮ ಕೂತು ಕೂತು ತಗ್ಗಾದ ಆ ಪಕ್ಕದ ಸೀಟನ್ನು ತೂಕಕ್ಕೆ ಹಾಕುವುದೇ? ಅವಳು ಹೋಗಿ ಇನ್ನೂ ವರ್ಷ ತುಂಬಿಲ್ಲ, ಆಮೇಲೆ ನೀನೂ ನನ್ನ ಮದುವೆಯ ತನಕ ಆ ಕಾರನ್ನು ಹೊರಗೆ ತೆಗೆದಿರಲಿಲ್ಲ.

ಕಾರಿನ ಜೊತೆ ನೀನು ಚೀಟಿಯಲ್ಲಿ ಬರೆದುಕೊಟ್ಟ ಹನ್ನೊಂದು ಸೂಚನೆಗಳನ್ನೂ ಪಾಲಿಸಿದೆ. ನೀರು ತುಂಬಿಸಿದೆ, ಎಲ್ಲೂ ಸೋರಿಕೆಯಿಲ್ಲ. ಗ್ಯಾರೇಜಿನ ಮೇಸ್ತ್ರಿ ರೇಡಿಯೇಟರ್ ತೊಳೆದರು, ಥರ್ಮೋಸ್ಟಾಟ್ ಬದಲಿಸಿದರು. ಆದರೂ ಅದೇ ಕುದಿ. ನಿನ್ನೆ ಬೆಳಿಗ್ಗೆ ಕಡೆಯ ಸಲವೆಂದು ಹೋದೆವು. ಆತುರಗೇಡಿ ನಾನು, ಬಿಸಿಯಿರುವಾಗಲೇ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದೆ.

“ಏಯ್ ತಾಯಿ! ಹೊಸ ಮದುಮಗಳು, ಮುಖ ಬೇಯಿಸ್ಕೋಬೇಕಾ? ದೂರ ನಿಲ್ಲಿ!” ಎಂದು ಮೇಸ್ತ್ರಿ ಕಿರುಚಿದರು. ಆಮೇಲೆ ಕೈ ಒರೆಸಿಕೊಳ್ಳುತ್ತಾ ಕೇಳಿದರು, “ಹೈವೇಲಿ ಬಿಸಿ ಆಗುತ್ತಾ?”

“ಇಲ್ಲ.”

“ನಿಂತಾಗ, ಏರು ಹತ್ತುವಾಗ ಮಾತ್ರ?”

“ಹೂಂ.”

“ಹಾಗಾದ್ರೆ ಗಾಳಿ ಸಾಲ್ತಿಲ್ಲ. ರೇಡಿಯೇಟರ್ ಫ್ಯಾನ್ ತಿರುಗೋದನ್ನ ನಿಮ್ಮಲ್ಲಿ ಯಾರಾದ್ರೂ ನೋಡಿದ್ದೀರಾ?”

ನಾವಿಬ್ಬರೂ ಒಮ್ಮೆಯೂ ನೋಡಿರಲಿಲ್ಲ. ಬ್ಯಾಟರಿಯಿಂದ ನೇರ ವೈರು ಕೊಟ್ಟರೆ ಫ್ಯಾನು ಗಿರ್ರೆಂದು ತಿರುಗಿತು. ಅಂದರೆ ಫ್ಯಾನು ಸರಿಯಿದೆ, ಅದಕ್ಕೆ ಕರೆಂಟೇ ಬರುತ್ತಿಲ್ಲ. “ಈ ವೈರು ಕಂಪನಿದಲ್ಲ, ಯಾರೋ ಕೈಯಾರೆ ಎಳ್ದಿದ್ದಾರೆ,” ಎನ್ನುತ್ತಾ ಮೇಸ್ತ್ರಿ ಅದರ ಜಾಡು ಹಿಡಿದು ಹೊರಟರು. ಪಕ್ಕದ ಸೀಟಿನ ಮುಂದೆ ಮಂಡಿಯೂರಿ, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಟಾರ್ಚಿನ ಬೆಳಕು ಬಿಟ್ಟು, ಜೋರಾಗಿ ನಕ್ಕರು. ಅಲ್ಲೊಂದು ಸ್ವಿಚ್ಚು! ಮನೆಯ ಗೋಡೆಗೆ ಹಾಕುವಂಥದ್ದು, ಬೆರಳು ತಾಗಿ ತಾಗಿ ಹಳದಿ ತಿರುಗಿ ನುಣುಪಾಗಿತ್ತು. ನಿನ್ನ ಕೈಚಳಕವೆಂದು ನೋಡಿದ ತಕ್ಷಣ ಗೊತ್ತಾಯಿತು.

“ಓಡಿಸೋರ ಕೈಗೆ ಇದು ಎಟಕೋದೇ ಇಲ್ಲ ತಾಯಿ,” ಅಂದರು ಮೇಸ್ತ್ರಿ. “ನಿಮ್ಮಪ್ಪ ಗಾಡಿ ಓಡಿಸ್ತಿದ್ರು, ತಣ್ಣಗಿಡ್ತಿದ್ದೋರು ಬೇರೆ ಯಾರೋ.”

ಅಮ್ಮ! ಪ್ರತಿ ಏರಿನಲ್ಲೂ, ಪ್ರತಿ ಸಿಗ್ನಲ್ಲಿನಲ್ಲೂ ಮುಂದಕ್ಕೆ ಬಾಗಿ ಕೆಳಗೆ ಕೈ ಚಾಚುತ್ತಿದ್ದಳಲ್ಲ ಅಪ್ಪಾ! ಚೀಟಿಯಲ್ಲಿ ಬರೆಯದೆ ಬಿಟ್ಟೆಯೆಂದು ನಿನ್ನನ್ನು ಬೈಯುವುದಿಲ್ಲ. ಅದು ಎಂದೂ ನಿನ್ನ ಕೆಲಸವಾಗಿರಲೇ ಇಲ್ಲ.

ಬಿಸಿಯಾದಾಗ ತಾನೇ ಆನ್ ಆಗುವ ಹೊಸ ಸ್ವಿಚ್ಚು ಕೂರಿಸಿಕೊಡುತ್ತೇನೆ ಎಂದರು ಮೇಸ್ತ್ರಿ. ಬೇಡ ಅಂದೆ. ಸಂಜೆ ಗುಡ್ಡದ ರಸ್ತೆ ಹತ್ತಿದೆವು. ಸೂಜಿ ಅರ್ಧ ದಾಟುತ್ತಲೇ ನಾನು ಬಾಗಿ ಸ್ವಿಚ್ಚು ಹಾಕಿದೆ. ಸೂಜಿ, ಹೇಳಿದ ಮಾತು ಕೇಳುವ ಮಗುವಿನ ಹಾಗೆ, ಮೆಲ್ಲಗೆ ಇಳಿಯಿತು. ಇವತ್ತು ಬೆಳಿಗ್ಗೆ ಬಂದ ಗುಜರಿಯವನಿಗೆ ನಿನ್ನ ಅಳಿಯ ಕಾಫಿ ಕೊಟ್ಟು, “ಇದು ಇಬ್ರು ಸೇರಿ ಓಡಿಸೋ ಕಾರು, ಮಾರಲ್ಲ,” ಎಂದು ಕಳಿಸಿಬಿಟ್ಟ. ನಾನು ಯಾಕೆ ಇವನನ್ನು ಮದುವೆಯಾದೆನೆಂದು ಈಗ ಗೊತ್ತಾಯಿತೇ?

ಮಾತ್ರೆ ಮರೆಯಬೇಡ. ನಮ್ಮಿಬ್ಬರ ತಲೆಯ ಮೇಲೂ ಅಲ್ಲಿಂದಲೇ ಒಮ್ಮೆ ಕೈಯಿಡು.

ನಿನ್ನ
ಬಾಯ್ಬಡುಕಿ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಅಮ್ಮ ಹಾಗೆ ಬಾಗುವುದನ್ನು ಹಿಂದಿನ ಸೀಟಿನಿಂದ ನೋಡಿ, ಅವಳು ಹೆದರಿ ಏನನ್ನೋ ಹಿಡಿದುಕೊಳ್ಳುತ್ತಾಳೆಂದುಕೊಂಡು, ಎಂಟನೇ ವಯಸ್ಸಿನಲ್ಲಿ ಅವಳಿಗೆ ‘ಪುಕ್ಕಲಮ್ಮ’ ಎಂದು ಹೆಸರಿಟ್ಟವಳು ನಾನು. ನೆಂಟರೆಲ್ಲ ಹಾಗೇ ಕರೆದರು. ಅವಳೂ ನಗುತ್ತಿದ್ದಳು. ಒಂದು ಸಲವೂ ಆ ಸ್ವಿಚ್ಚು ತೋರಿಸಲಿಲ್ಲ. ಆಸ್ಪತ್ರೆಯಲ್ಲಿ, ಆ ಕಡೆಯ ವಾರ, ಮಂಚದ ಕಂಬಿ ಹಿಡಿದುಕೊಂಡಿದ್ದಾಗಲೂ “ಏನ್ ಪುಕ್ಕಲಮ್ಮ, ಏರು ಬಂತಾ?” ಎಂದು ಕೇಳಿದೆ. ಆಗಲೂ ನಕ್ಕಳು.

ನಿನಗೆ ಗೊತ್ತಿತ್ತಲ್ಲ ಅಪ್ಪಾ. ನೀನಾದರೂ ಹೇಳಬಾರದಿತ್ತೇ? ಬೇಡ, ಇದಕ್ಕೆ ಉತ್ತರ ಬರೆಯಬೇಡ. ಬರುವ ಶನಿವಾರ ನಾವೇ ಬಂದು ನಿನ್ನನ್ನು ಕರೆತರುತ್ತೇವೆ. ಇಲ್ಲಿಗೆ ಬರುವಾಗ ನೀನು ಓಡಿಸು. ನಿನ್ನ ಅಳಿಯ ಹಿಂದೆ ಕೂರುತ್ತಾನೆ. ಅಮ್ಮನ ಜಾಗದಲ್ಲಿ ನಾನಿರುತ್ತೇನೆ. ಸೂಜಿಯ ಕಡೆ ನೀನು ನೋಡಲೇಬೇಡ.