ಉಗುರಿಗೆ ಬಿಟ್ಟ ಸಾಲು

ಅಕ್ಕನಿಗೆ ನಮಸ್ಕಾರ.

ಸುಖವಾಗಿ ತಲುಪಿದೆ, ಕೆಲಸಕ್ಕೂ ಸೇರಿದೆ, ಮೊದಲ ದಿನವೇ ಎಡವಟ್ಟನ್ನೂ ಮಾಡಿದೆ. ಈ ತೋಟದಲ್ಲಿ ದಾರಿಯ ಎರಡೂ ಅಂಚಿಗೆ ಘಮಘಮಿಸುವ ಹೂಗಿಡಗಳಿವೆ. ಹೂವನ್ನು ಹೂದಾನಿಗೆಂದು ಮಾರುತ್ತಾರೆ. ಬಟಾಣಿ ಹೂವಿನಂತೆಯೇ ಕಾಣುವ ಒಂದು ಪರಿಮಳದ ಹೂ ತೋರಿಸಿ ಯಜಮಾನಿ, "ಇದನ್ನ ಕೊಯ್ದು ತಾ" ಎಂದರು. ಅಮ್ಮನ ಜೊತೆ ಮಾಲೆಗೆ ಹೂ ಬಿಡಿಸಿ ಪಳಗಿದ ಕೈ ನನ್ನದು. ಕತ್ತರಿ ಪಕ್ಕಕ್ಕಿಟ್ಟು ಉಗುರಿನಲ್ಲೇ ಚಕಚಕನೆ ಬುಟ್ಟಿ ತುಂಬಿಸಿದೆ. ಒಂದಕ್ಕೂ ದಂಟಿಲ್ಲ!

ಹೂದಾನಿಯಲ್ಲಿ ನಿಲ್ಲಲು ಗೇಣುದ್ದ ದಂಟು ಬೇಕಂತೆ. ಯಜಮಾನಿ ತಲೆಯ ಮೇಲೆ ಕೈ ಹೊತ್ತು ಕೂತರು. "ಇದನ್ನ ಯಾರಿಗಮ್ಮ ಮಾರಲಿ? ನಾಳೆಯಿಂದ ನೀನು ಕುಂಡ ತೊಳಿ, ಸಾಕು." ಹೂವನ್ನು ಒಂದು ಅಗಲ ತಟ್ಟೆಗೆ ಸುರಿದು, ಹಾಸಿಗೆ ಹಿಡಿದಿರುವ ತಮ್ಮ ತಾಯಿಯ ದಿಂಬಿನ ಪಕ್ಕ ಇಟ್ಟರು. ಆ ಅಜ್ಜಿಗೆ ಕಣ್ಣು ಕಾಣದು. ಅವರ ಕೋಣೆಯ ಕಿಟಕಿಯಲ್ಲಿಡುತ್ತಿದ್ದ ಹೂದಾನಿಯ ಪರಿಮಳ ಮಂಚದವರೆಗೆ ಎಂದೂ ಬಂದಿರಲಿಲ್ಲವಂತೆ.

ಮರುದಿನ ನಾನು ಕುಂಡ ತೊಳೆಯುತ್ತಿದ್ದಾಗ ಒಳಗಿನಿಂದ ಅಜ್ಜಿಯ ಜೋರು ದನಿ ಕೇಳಿಸಿತು: "ನಿನ್ನೆ ಹೂ ಕಿತ್ತೋಳು ಎಲ್ಲಿ? ಇವತ್ತಿನ ತಟ್ಟೆ ಇನ್ನೂ ಬಂದಿಲ್ಲ!"

ನನ್ನ ಮಂಡಿನೋವು ಕಡಿಮೆಯಾಗಿದೆ, ಎಣ್ಣೆ ಕಳಿಸುವುದು ಬೇಡವೆಂದು ಅಮ್ಮನಿಗೆ ಹೇಳು. ಕತ್ತರಿ ಹಿಡಿಯುವುದನ್ನೂ ಕಲಿಯುತ್ತಿದ್ದೇನೆ. ಆದರೆ ಅಡುಗೆಮನೆ ಬಾಗಿಲ ಬಳಿಯ ಒಂದು ಸಾಲಿಗೆ ಈಗ ಯಾರೂ ಕತ್ತರಿ ಹಾಕುವಂತಿಲ್ಲ. ಅದನ್ನು ನನ್ನ ಉಗುರಿಗೇ ಬಿಟ್ಟಿದ್ದಾರೆ.

ತಟ್ಟೆಯ ಹೊತ್ತಾಯಿತು, ಅಜ್ಜಿ ಕೂಗುತ್ತಿದ್ದಾರೆ.

ನಿನ್ನ ತಂಗಿ